ಅದು ಮೈಗಳ್ಳತನ ಅಲ್ಲ, ಕೊರೊನಾ ಬಿಟ್ಟುಹೋದ ಸುಸ್ತು

ನಮ್ಮೂರ ಕೆರೆ ಹೂಳೆತ್ತುವ ಕೆಲಸದಲ್ಲಿ ಕಳೆದ ವಾರ ಒಂದು ಜಗಳ ಆಯಿತು. ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಹತ್ತು ಬುಟ್ಟಿ ಮಣ್ಣು ಹೊತ್ತು ಬೇವಿನ ಗಿಡದ ನೆರಳಲ್ಲಿ ಕೂತುಬಿಟ್ಟರು. ಎದೆ ಡವಡವ, ಕಾಲಲ್ಲಿ ಶಕ್ತಿ ಇಲ್ಲ. "ದಿನಾ ಇದ ಆತು ನಿಂದು. ನಿನ್ನ ಪಾಲಿನ ಮಣ್ಣು ನಾವ್ಯಾಕ ಹೊರಬೇಕವ್ವಾ?" ಎಂದು ಜೊತೆಯವರು ರೇಗಿದರು. ಅವರು ತಿರುಗಿ ಮಾತಾಡಲಿಲ್ಲ. ಮರುದಿನ ಕೆಲಸಕ್ಕೂ ಬರಲಿಲ್ಲ.

2022ರ ಜನವರಿಯ ಮೂರನೇ ಅಲೆಯಲ್ಲಿ ಅವರಿಗೆ ಕೊರೊನಾ ಬಂದಿತ್ತು. ಮೂರು ದಿನ ಜ್ವರ, ಸ್ವಲ್ಪ ಕೆಮ್ಮು, ಅಷ್ಟೇ. ಆಸ್ಪತ್ರೆ ಸೇರಲಿಲ್ಲ, ಆಕ್ಸಿಜನ್ ಬೇಕಾಗಲಿಲ್ಲ. "ಬಂದು ಹೋತು" ಅಂದುಕೊಂಡರು. ನಾಲ್ಕು ತಿಂಗಳಾದರೂ ಸುಸ್ತು ಹೋಗಿಲ್ಲ. ಒಂದು ದಿನ ಜೋರಾಗಿ ದುಡಿದರೆ ಮರುದಿನ ಹಾಸಿಗೆಯಿಂದ ಏಳಲು ಆಗುವುದಿಲ್ಲ. ರಕ್ತ, ಸಕ್ಕರೆ ಪರೀಕ್ಷೆ ಎಲ್ಲ ಸರಿ ಬಂದಿದೆ.

ಇದು ನೆಪ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಇದನ್ನು ಒಂದು ಕಾಯಿಲೆ ಎಂದು ವಿವರಿಸಿದೆ. ಸೋಂಕು ಬಂದು ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಸುಸ್ತು, ಉಸಿರಾಟದ ತೊಂದರೆ, ಮರೆವು ಇದ್ದರೆ, ಅದು ಕನಿಷ್ಠ ಎರಡು ತಿಂಗಳು ಉಳಿದರೆ, ಬೇರೆ ಕಾರಣ ಸಿಗದಿದ್ದರೆ, ಅದು ಕೊರೊನಾ ನಂತರದ ಸ್ಥಿತಿ. ಇದಕ್ಕೆ 'ಲಾಂಗ್ ಕೋವಿಡ್' ಎಂಬ ಹೆಸರು ಕೊಟ್ಟಿದ್ದು ಡಾಕ್ಟರುಗಳಲ್ಲ, ರೋಗಿಗಳೇ. 2020ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ ಟ್ವಿಟರ್‌ನಲ್ಲಿ ತಮ್ಮ ಕಾಯಿಲೆಯನ್ನು ಹಾಗೆ ಕರೆದರು. ಸೋಂಕು ಹಗುರವಾಗಿ ಬಂದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಸುಧಾರಿಸುತ್ತಾರೆ, ನಿಜ. ಆದರೆ ಎಲ್ಲರೂ ಅಲ್ಲ.

ಜೊತೆಯವರ ಸಿಟ್ಟಿಗೂ ಕಾರಣ ಇದೆ. ಉದ್ಯೋಗ ಖಾತ್ರಿಯಲ್ಲಿ 2022-23ರಲ್ಲಿ ದಿನದ ಕೂಲಿ 309 ರೂಪಾಯಿ ಇತ್ತು. ಕೂಲಿ ಪೂರ್ತಿ ಸಿಗಬೇಕಾದರೆ ಇಡೀ ಗುಂಪಿನ ಅಳತೆ ತುಂಬಬೇಕು. ಒಬ್ಬರು ಕೂತರೆ ಉಳಿದವರ ಬೆನ್ನಿಗೆ ಭಾರ, ಇಲ್ಲವೇ ಎಲ್ಲರ ಕೂಲಿಗೆ ಕತ್ತರಿ. ಹೀಗಾಗಿ ಕಾಯಿಲೆಯವರನ್ನು ಬೈಯುವುದು ಬಡವರೇ, ಬೈಸಿಕೊಳ್ಳುವವರೂ ಬಡವರೇ.

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಇದೆ. ಖಾತ್ರಿ ಕೆಲಸದಲ್ಲಿ ಅಂಗವಿಕಲರಿಗೆ, 60 ವರ್ಷ ದಾಟಿದವರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಕೊಡುತ್ತಾರೆ. ಡಾಕ್ಟರ ಚೀಟಿ ಇರುವ ಕೊರೊನಾ ಸುಸ್ತಿನವರಿಗೂ ಮೂರು ತಿಂಗಳ ಮಟ್ಟಿಗೆ ಇದೇ ರಿಯಾಯಿತಿ ಕೊಡಬೇಕು. "ಹಂಗಾದ್ರ ಎಲ್ಲಾರೂ ಸುಸ್ತು ಅಂತಾರ" ಎಂದು ಕೆಲವರು ಹೇಳಬಹುದು. ಅದಕ್ಕೇ ಚೀಟಿ, ಅದಕ್ಕೇ ಮೂರು ತಿಂಗಳ ಗಡುವು. ಸರ್ಕಾರದ ಆದೇಶ ಬರುವ ತನಕ ಪಂಚಾಯಿತಿಯವರು, ಕಾಯಕ ಬಂಧುಗಳು ಇಂಥವರಿಗೆ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಚ್ಚಬಹುದು.

ನಿಮಗೂ ಹೀಗೆ ಆಗುತ್ತಿದ್ದರೆ ಮನೆಯಲ್ಲೇ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೊರೊನಾ ಯಾವಾಗ ಬಂದಿತ್ತು ಎಂದು ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ಇದೇ ರೀತಿ ಸುಸ್ತಾಗುತ್ತದೆ, ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದ್ದರೆ ಕ್ಷಯದ ಕಫ ಪರೀಕ್ಷೆ ಆಗಲೇಬೇಕು. ಎದೆನೋವು ಬಂದರೆ, ಕೂತಲ್ಲೇ ದಮ್ಮು ಹತ್ತಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಈ ಸುಸ್ತನ್ನು ಒಂದೇ ಸಲಕ್ಕೆ ತೆಗೆಯುವ ಇಂಜೆಕ್ಷನ್ ಇಲ್ಲ. ಗ್ಲೂಕೋಸ್ ಬಾಟಲಿಗೆ ದುಡ್ಡು ಸುರಿಯಬೇಡಿ. ಕೆಲಸವನ್ನು ತುಂಡು ತುಂಡಾಗಿ ಮಾಡಿ, ದಣಿವಾಗುವ ಮೊದಲೇ ಕೂತುಕೊಳ್ಳಿ.

ಉಳಿದವರಿಗೆ ಒಂದೇ ಮಾತು. ನಿನ್ನೆ ಮೊನ್ನೆಯವರೆಗೆ ನಮ್ಮ ಜೊತೆ ಸರಿಸಮ ದುಡಿದವರು ಇದ್ದಕ್ಕಿದ್ದಂತೆ ಮೈಗಳ್ಳರಾಗುವುದಿಲ್ಲ. ಬೈಯುವ ಮೊದಲು "ಜನವರಿಯಾಗ ನಿನಗ ಜ್ವರ ಬಂದಿತ್ತೇನವ್ವಾ?" ಎಂದು ಒಮ್ಮೆ ಕೇಳಿ.