ಕಾರ್ವಿಂಗ್ ಸ್ಕೀ ಎಂಬ ಸರ್ವರೋಗ ನಿವಾರಿಣಿ

ದೆಹಲಿಗೆ ಬಂದು ಮೂವತ್ತೆರಡು ವರ್ಷವಾಯಿತು. ಚಳಿಗಾಲ ಬಂತೆಂದರೆ ಇಲ್ಲಿನ ಕನ್ನಡಿಗರು ಸೇರಿದಲ್ಲೆಲ್ಲ ಅವರೆಕಾಯಿ ಸಿಗಲಿಲ್ಲ ಎಂಬ ಕೊರಗು ಮಾಮೂಲಿ. ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತದೆ: "ಈ ಸಲ ಗುಲ್ಮಾರ್ಗಾ, ಔಲಿನಾ?" ನಮ್ಮ ಹುಡುಗರು ಸ್ಕೀ ಕಲಿಯುತ್ತಿದ್ದಾರೆ, ಸಂತೋಷವೇ. ಮೊನ್ನೆ ಗೆಳೆಯರ ಮನೆಯಲ್ಲಿ ಊಟಕ್ಕೆ ಕೂತಾಗ, ಯುರೋಪಿನಿಂದ ಹೊಸ ಜೋಡಿ ತರಿಸಿಕೊಂಡ ಒಬ್ಬ ತರುಣ ಹೇಳಿದ: "ಅಂಕಲ್, ನಾನೀಗ ಅಡ್ವಾನ್ಸ್ಡ್ ಲೆವೆಲ್. ಅದಕ್ಕೇ ಕಾರ್ವಿಂಗ್ ಸ್ಕೀ ತಗೊಂಡೆ. ಸ್ಕಿಡ್ ಮಾಡೋದೆಲ್ಲ ಹಳೇ ಕಾಲದ್ದು." ತಿಳಿಸಾರಿನ ಮುಂದೆ ಜಗಳ ಯಾಕೆ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರುವುದಿಲ್ಲ.

ಸ್ಕೀ ಹತ್ತದವರಿಗಾಗಿ ಒಂದೆರಡು ಮಾತು. ಕಾರ್ವಿಂಗ್ ಸ್ಕೀಗೆ ಮೂತಿ ಅಗಲ, ಬಾಲ ಅಗಲ, ನಡು ಸಣ್ಣ. ಅದನ್ನು ಅಂಚಿನ ಮೇಲೆ ವಾಲಿಸಿ ಭಾರ ಹಾಕಿದರೆ ಬಿಲ್ಲಿನಂತೆ ಬಾಗುತ್ತದೆ, ತಾನಾಗಿಯೇ ಹಿಮವನ್ನು ಕೊಯ್ದುಕೊಂಡು ತಿರುಗುತ್ತದೆ. ಹಿಂದೆ ತಿರುಗಿ ನೋಡಿದರೆ ರಂಗೋಲಿ ಎಳೆಯಂಥ ಎರಡು ಗೆರೆ. ಸ್ಲೊವೇನಿಯಾದ ಎಲಾನ್ ಕಂಪನಿ 1993ರಲ್ಲಿ ತನ್ನ ಎಸ್‌ಸಿಎಕ್ಸ್ ಸ್ಕೀಯನ್ನು ಹೊರತಂದ ಮೇಲೆ ನೆಟ್ಟಗಿನ ಉದ್ದ ಸ್ಕೀಗಳ ಕಾಲ ಮುಗಿಯುತ್ತಾ ಬಂತು. ನಾನು ಔಲಿಯಲ್ಲಿ ಕಲಿತದ್ದು ನನಗಿಂತ ಒಂದು ಗೇಣು ಎತ್ತರದ ಬಾಡಿಗೆ ಸ್ಕೀ ಮೇಲೆ. ತಿರುಗಿಸುವಷ್ಟರಲ್ಲಿ ಇಳಿಜಾರೇ ಮುಗಿಯುತ್ತಿತ್ತು! ಆದ್ದರಿಂದ ಹಳೆಯದೇ ಚಿನ್ನ ಎನ್ನುವ ಮುದುಕ ನಾನಲ್ಲ. ಯಂತ್ರದಿಂದ ಹದ ಮಾಡಿದ ಗಟ್ಟಿ ಹಿಮದ ಮೇಲೆ, ಮಧ್ಯಮ ವೇಗದಲ್ಲಿ, ಕಾರ್ವಿಂಗ್ ಸ್ಕೀಯಷ್ಟು ಸುಖ ಬೇರೆ ಇಲ್ಲ.

ನನ್ನ ತಕರಾರು ಇರುವುದು "ಅಡ್ವಾನ್ಸ್ಡ್ ಆದ್ದರಿಂದ ಕಾರ್ವಿಂಗ್" ಎಂಬ ಮಾತಿನ ಬಗ್ಗೆ.

ಪ್ರತಿ ಸ್ಕೀ ಮೇಲೂ ಮೀಟರ್ ಲೆಕ್ಕದಲ್ಲಿ ಒಂದು ತ್ರಿಜ್ಯ ಬರೆದಿರುತ್ತದೆ. ಆ ಹುಡುಗನದ್ದು 13. ಸ್ಕೀ ಅಂಚಿನ ವಕ್ರರೇಖೆಯನ್ನು ಪೂರ್ತಿ ವೃತ್ತವಾಗಿ ಬೆಳೆಸಿದರೆ ಅದರ ತ್ರಿಜ್ಯ 13 ಮೀಟರ್ ಅಂತ ಅರ್ಥ. ಸ್ಕೀಯನ್ನು ಹೆಚ್ಚು ವಾಲಿಸಿದಷ್ಟೂ ತಿರುವು ಇನ್ನೂ ಬಿಗಿಯಾಗುತ್ತದೆ. ವೇಗ ಹೆಚ್ಚಿದಷ್ಟೂ ಹೊರಕ್ಕೆ ಬೀಳದಿರಲು ಹೆಚ್ಚು ವಾಲಲೇಬೇಕು. ವಾಲಿದರೆ ತಿರುವು ಬಿಗಿ, ಬಿಗಿಯಾದರೆ ಮತ್ತೆ ವಾಲಬೇಕು... ಇದು ಎಲ್ಲೋ ಒಂದು ಕಡೆ ಕೈಕೊಡಲೇಬೇಕಲ್ಲ? ಪಿಯುಸಿ ಫಿಸಿಕ್ಸ್ ಸಾಕು: ವೇಗದ ವರ್ಗವು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧವನ್ನು ದಾಟುವಂತಿಲ್ಲ. 13 ಮೀಟರಿಗೆ ಅದು ಗಂಟೆಗೆ ಸುಮಾರು 40 ಕಿಲೋಮೀಟರ್. 30 ಮೀಟರಿಗೆ 62. ಇಳಿಜಾರು, ಹಿಮದ ಮೆತುವು ಎಲ್ಲ ಬಿಟ್ಟ ಒರಟು ಲೆಕ್ಕ ಇದು, ಆದರೆ ದಿಕ್ಕು ತಪ್ಪಿಸುವಂಥದ್ದಲ್ಲ. ಆ ಮಿತಿಯಾಚೆ ಶುದ್ಧ ಕಾರ್ವಿಂಗ್ ಇಲ್ಲ. ಸ್ಕೀ ಸ್ವಲ್ಪವಾದರೂ ಅಡ್ಡಕ್ಕೆ ಜಾರಬೇಕು, ಇಲ್ಲವೇ ನೀವು ಬೀಳಬೇಕು. ಅಂದರೆ ಆ ಹುಡುಗ "ಹಳೇ ಕಾಲದ್ದು" ಅಂದ ಸ್ಕಿಡ್ ವಿದ್ಯೆ, ವೇಗ ಹೆಚ್ಚಿದಾಗಲೇ ಹೆಚ್ಚು ಬೇಕು.

ನನ್ನ ಮಾತು ಬೇಡ, ರೇಸಿನವರನ್ನೇ ನೋಡಿ. ಬಿಗಿ ತಿರುವಿನ, ವೇಗ ಕಡಿಮೆಯಿರುವ ಸ್ಲಾಲಂನಲ್ಲಿ ಗಂಡಸರ ಸ್ಕೀ 165 ಸೆಂಟಿಮೀಟರ್ ಇದ್ದರೆ ಸಾಕು. ಅತಿ ವೇಗದ ಡೌನ್‌ಹಿಲ್‌ನಲ್ಲಿ ನಿಯಮದ ಪ್ರಕಾರ ಉದ್ದ ಕನಿಷ್ಠ 218 ಸೆಂಟಿಮೀಟರ್, ತ್ರಿಜ್ಯ ಕನಿಷ್ಠ 50 ಮೀಟರ್. ಜಗತ್ತಿನ ಅತಿ ಪರಿಣತರ ಕಾಲಡಿಗೆ ಹೆಚ್ಚುಕಡಿಮೆ ನೆಟ್ಟಗಿನ ಸ್ಕೀ! "ಅವೂ ಕಾರ್ವಿಂಗ್ ಸ್ಕೀಗಳೇ ಅಲ್ಲವೇ?" ಅಂತ ಕೇಳುತ್ತೀರಿ. ಹೌದು. ಈಗ ಎಲ್ಲ ಸ್ಕೀಗೂ ನಡು ಇದ್ದೇ ಇದೆ. ಹಾಗಿದ್ದ ಮೇಲೆ ಆ ಹೆಸರು ಹಿಡಿದು ಮಾರುವವನು ನಿಮಗೆ ಹೇಳಿದ್ದಾದರೂ ಏನು?

2012ರಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ಗಾಯಗಳ ಕಾರಣ ಕೊಟ್ಟು, ಜೈಂಟ್ ಸ್ಲಾಲಂನಲ್ಲಿ ಗಂಡಸರ ಸ್ಕೀಯ ಕನಿಷ್ಠ ತ್ರಿಜ್ಯವನ್ನು 27ರಿಂದ 35 ಮೀಟರಿಗೆ ಏರಿಸಿತು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಅಮೆರಿಕದ ಟೆಡ್ ಲಿಗೆಟಿ. ಆ ಅಕ್ಟೋಬರಿನಲ್ಲಿ ಆಸ್ಟ್ರಿಯದ ಸೋಲ್ಡನ್‌ನಲ್ಲಿ, ಬೈದ ಅದೇ ಸ್ಕೀ ಮೇಲೆ, 2.75 ಸೆಕೆಂಡ್ ಅಂತರದಿಂದ ಗೆದ್ದವನೂ ಅವನೇ. ಸ್ಕೀ ತಿರುಗಿಸಿಕೊಡುವುದು ಕಡಿಮೆಯಾದಾಗ ತಾನೇ ತಿರುಗಿಸಬಲ್ಲವನು ಮುಂದೆ ಹೋದ. 2017ರಲ್ಲಿ ಮಿತಿಯನ್ನು 30ಕ್ಕೆ ಇಳಿಸಿದರು. 27ಕ್ಕೆ ಮರಳಲಿಲ್ಲ, ಗಮನಿಸಿ.

ಗಾಯ ಅಂದೆನಲ್ಲ, ನನ್ನ ಬಲ ಮೊಣಕಾಲಿಗೆ ಆ ಪಾಠ ಆಗಿದೆ. 2009ರಲ್ಲಿ ಬಾಡಿಗೆ ಅಂಗಡಿಯೊಂದರಲ್ಲಿ "ಎಕ್ಸ್‌ಪರ್ಟ್ ಸ್ಕೀ ಸಾರ್" ಅಂತ ಮೋಟು ಕಾರ್ವಿಂಗ್ ಜೋಡಿ ಕೊಟ್ಟರು. ಬೀಗುತ್ತಾ ತೊಗೊಂಡೆ. ನೇರ ಇಳಿಜಾರಿನಲ್ಲಿ ವೇಗ ಬಂದಾಗ ಮೂತಿ ಅತ್ತಿತ್ತ ಮೂಸತೊಡಗಿತು. ಒಂದು ಕ್ಷಣ ಒಳ ಅಂಚು ಹಿಮ ಕಚ್ಚಿತು. ಸ್ಕೀ ಎಡಕ್ಕೆ, ನಾನು ನೆಟ್ಟಗೆ. ಬೈಂಡಿಂಗ್ ಬಿಚ್ಚಲಿಲ್ಲ, ಲಿಗಮೆಂಟ್ ಬಿಚ್ಚಿತು. ಎಂಟು ತಿಂಗಳು ಮೆಟ್ಟಿಲು ಹತ್ತಲು ಹೆಂಡತಿಯ ಭುಜ ಬೇಕಾಯಿತು. ಸ್ಕೀ ಮೇಲಿನ ಅಂಕಿಯನ್ನು ಅವತ್ತು ನಾನು ಓದಿಯೇ ಇರಲಿಲ್ಲ.

ಇನ್ನು ನಮ್ಮ ಗುಲ್ಮಾರ್ಗ್. ಗೊಂಡೊಲಾದ ಎರಡನೇ ಹಂತ ನಿಮ್ಮನ್ನು ಸುಮಾರು 3,950 ಮೀಟರ್ ಎತ್ತರದ ಅಫರ್ವಾಟ್‌ಗೆ ಒಯ್ದು ಬಿಡುತ್ತದೆ. ಅಲ್ಲಿಂದ ಕೆಳಗೆ ಆಲ್ಪ್ಸ್‌ನ ಹಾಗೆ ಇಸ್ತ್ರಿ ಮಾಡಿದ ಹಿಮವಿಲ್ಲ, ಬಿದ್ದ ಹಾಗೆ ಬಿದ್ದಿರುವ ಪೌಡರ್. 67 ಮಿಲಿಮೀಟರ್ ನಡುವಿನ ಸ್ಕೀ ಅದರಲ್ಲಿ ಚಾಕುವಿನಂತೆ ಮುಳುಗುತ್ತದೆ. ಅಗಲ ಮೂತಿ ಮೇಲೇಳುತ್ತದೆ, ನಡು ಕೆಳಗಿಳಿಯುತ್ತದೆ, ಎರಡು ಕಾಲು ಎರಡು ದಾರಿ ಹಿಡಿಯುತ್ತವೆ. ಅಲ್ಲಿ ನಡು 100ರ ಆಸುಪಾಸು ಬೇಕು. ತ್ರಿಜ್ಯವೂ ದೊಡ್ಡದಿರಬೇಕು.

ಆ ಹುಡುಗ ಫೆಬ್ರವರಿಯಲ್ಲಿ ಅಲ್ಲಿಗೇ ಹೊರಟಿದ್ದಾನೆ, 13ರ ಆ ಜೋಡಿ ಹೊತ್ತುಕೊಂಡು. ನಿನ್ನೆ ಫೋನ್ ಮಾಡಿ, ಅದನ್ನು ಮನೆಯಲ್ಲೇ ಬಿಟ್ಟು ಅಲ್ಲಿ ಅಗಲದ್ದು ಬಾಡಿಗೆಗೆ ತಗೋಳಪ್ಪಾ ಅಂದೆ. "ಅಷ್ಟು ದುಡ್ಡು ಕೊಟ್ಟಿದ್ದೀನಲ್ಲ ಅಂಕಲ್, ನೋಡ್ತೀನಿ" ಅಂದ.