ಪೆಟ್ಟಿಗೆ ಹೊಸದು, ಬೀಗ ಹಳೆಯದು!

ಕನ್ನಡದ ತರುಣರೇ,

2024ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಹೊಸ ಮ್ಯಾಕ್ ಮಿನಿ ಘೋಷಿಸಿತು. ಐದಿಂಚು ಅಗಲ, ಎರಡಿಂಚು ಎತ್ತರ, ಊಟದ ಡಬ್ಬಿಯಷ್ಟೇ! ಎಂ4 ಚಿಪ್, 16 ಜಿಬಿ ಮೆಮೊರಿ, ಆಗಿನ ಆರಂಭದ ಬೆಲೆ 59,900 ರೂಪಾಯಿ. ಪರದೆ, ಕೀಲಿಮಣೆ, ಮೌಸ್ ಬೇರೆ ಕೊಳ್ಳಬೇಕು. ಆದರೂ ಇಪ್ಪತ್ತು ವರ್ಷದಿಂದ ವಿಂಡೋಸ್ ಪಿಸಿಯಲ್ಲೇ ಪ್ರೆಸ್ ನಡೆಸುತ್ತಿರುವ ನನಗೂ ಆಸೆಯಾಯಿತು.

ಆದರೆ ಕೊಳ್ಳಲಿಲ್ಲ. ತಡೆದದ್ದು ದುಡ್ಡಲ್ಲ, ಅಕ್ಷರ! ನಮ್ಮಲ್ಲಿ ಅಚ್ಚಾದ ಪುಸ್ತಕ, ಕರಪತ್ರ, ಲಗ್ನಪತ್ರಿಕೆಗಳೆಲ್ಲ ಇರುವುದು ಹಳೆಯ ನುಡಿ ಫಾಂಟಿನಲ್ಲಿ. ಅದರ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ಆ ಫಾಂಟಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡ ಮಾಯ, ಇಂಗ್ಲಿಷ್ ಅಕ್ಷರಗಳ ಕಸ! ಯುನಿಕೋಡ್‌ಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ತಪ್ಪುವುದುಂಟು. ಸಾಲು ಸಾಲೂ ತಿದ್ದಬೇಕು.

ಇದು ಮ್ಯಾಕ್‌ನ ತಪ್ಪೇ? ಖಂಡಿತ ಅಲ್ಲ. ಅದರಲ್ಲಿ ಕನ್ನಡ ಕೀಲಿಮಣೆ ಇದೆ, ಫಾಂಟೂ ಇದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಕದ ತೆರೆದೇ ಇದೆ; ಮುದ್ರಣದ ಕನ್ನಡ ಹೊಸಿಲಲ್ಲಿ ನಿಂತಿದೆ.

ಗೆಳೆಯರೇ, ಪಿಸಿ ಮೇಲೋ ಮ್ಯಾಕ್ ಮೇಲೋ ಎಂಬ ಜಗಳ ಬಿಡಿ. ಅಚ್ಚಿಗೆ ಕೊಡುವ ಪ್ರತಿ ಬರಹವನ್ನೂ ಯುನಿಕೋಡ್‌ನಲ್ಲೇ ಕೊಡಿ. ಅಂದವಾದ ಯುನಿಕೋಡ್ ಫಾಂಟುಗಳಿಗಾಗಿ ಒತ್ತಾಯಿಸಿ. ಯಂತ್ರ ಹಳತಾಗುತ್ತದೆ, ಗುಜರಿ ಸೇರುತ್ತದೆ. ಕನ್ನಡ ಮಾತ್ರ ಯಾವ ಪೆಟ್ಟಿಗೆಯಲ್ಲಿಟ್ಟರೂ ತೆರೆಯಬೇಕು!