ನೈನಿತಾಲ್‌ನ ಅಂಗಡಿಸಾಲಿಗೆ ಕಾರು ಬೇಡ

ನೈನಿತಾಲ್‌ಗೆ ಹೋಗಿಬಂದ ದೆಹಲಿ ಕನ್ನಡಿಗರನ್ನು ಏನು ತಂದಿರಿ ಎಂದು ಕೇಳಿ ನೋಡಿ. ಬಣ್ಣದ ಮೇಣದಬತ್ತಿ, ಬಾಲ್ ಮಿಠಾಯಿ, ಬುರಾಂಶ್ ಹೂವಿನ ಶರಬತ್ತಿನ ಬಾಟಲಿ, ಅತ್ತೆಗೊಂದು ಶಾಲು. ಊರು ಹೇಗಿತ್ತು ಎಂದರೆ, ‘ಚೆನ್ನಾಗಿದೆ, ಆದರೆ ಮಾಲ್ ರೋಡಿನ ಟ್ರಾಫಿಕ್ ನೋಡಿ ಸಾಕಾಯಿತು’ ಎನ್ನುತ್ತಾರೆ. ಹೇಳುವವರ ಕಾರೂ ಆ ಸಾಲಿನಲ್ಲೇ ನಿಂತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಈ ಬೇಸಿಗೆಗೆ ಮಕ್ಕಳನ್ನೂ ಬೆಂಗಳೂರಿನಿಂದ ಬಂದ ನೆಂಟರನ್ನೂ ಕರೆದುಕೊಂಡು ಹೊರಡುವ ಮೊದಲು ಆ ಅಂಗಡಿಸಾಲು ಯಾವ ನೆಲದ ಮೇಲೆ ನಿಂತಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ತಾಲ್ ಎಂದರೆ ಕೆರೆ. ಊರಿನ ಒಂದು ತುದಿ ತಲ್ಲೀತಾಲ್, ಇನ್ನೊಂದು ಮಲ್ಲೀತಾಲ್. ಕೆಳಗೆರೆ, ಮೇಗೆರೆ ಎಂದುಕೊಂಡರೆ ನಮ್ಮ ಕಡೆಯ ಊರುಗಳ ಹಾಗೇ ಕೇಳಿಸುತ್ತದೆ. ಎರಡರ ನಡುವೆ ನೀರಿನ ಅಂಚಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನ ಮಾಲ್ ರೋಡ್. ದಾಖಲೆಯಲ್ಲಿ ಅದಕ್ಕೆ ಗೋವಿಂದ ವಲ್ಲಭ ಪಂತರ ಹೆಸರಿದೆ, ಬಾಯಲ್ಲಿ ಮಾಲ್ ರೋಡೇ. ಅದೂ ಎರಡು ಮಜಲಿನ ರಸ್ತೆ. ಬ್ರಿಟಿಷರ ಕಾಲದಲ್ಲಿ ಮೇಲಿನದು ಬಿಳಿಯರಿಗೆ, ಕೆಳಗಿನದು ನಮ್ಮವರಿಗೆ ಎಂಬ ಕಟ್ಟಳೆ ಇತ್ತೆಂದು ಊರಿನವರು ಹೇಳುತ್ತಾರೆ. ಅಂಗಡಿ, ಹೋಟೆಲುಗಳೆಲ್ಲ ಗುಡ್ಡದ ಬದಿಗೆ, ಎದುರಿಗೆ ನೀರು. ಏನೂ ಕೊಳ್ಳದೆ ಇಡೀ ಸಂಜೆ ಅಲ್ಲಿ ಅಡ್ಡಾಡಬಹುದು, ಯಾರೂ ಟಿಕೆಟ್ ಕೇಳುವುದಿಲ್ಲ. ಮಾಲ್ ಎಂಬ ಪದಕ್ಕೆ ಗುರುಗ್ರಾಮದಲ್ಲಿ ಸಿಕ್ಕಿರುವ ಅರ್ಥಕ್ಕಿಂತ ಇದು ನನಗೆ ಹೆಚ್ಚು ಒಪ್ಪಿಗೆ.

ಈ ಸಾಲಿನ ಹಿಂದೆ ಎದ್ದು ನಿಂತಿರುವುದು ಶೇರ್ ಕಾ ಡಂಡಾ ಗುಡ್ಡ. 1880ರ ಸೆಪ್ಟೆಂಬರಿನಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ದು, 18ರ ಬೆಳಿಗ್ಗೆ ಗುಡ್ಡದ ಒಂದು ತುಂಡು ವಿಕ್ಟೋರಿಯಾ ಹೋಟೆಲಿನ ಮೇಲೆ ಬಿತ್ತು. ಸಿಕ್ಕಿಹಾಕಿಕೊಂಡವರನ್ನು ತೆಗೆಯಲು ಸೈನಿಕರು, ಕೂಲಿಗಳು, ಊರವರು ಓಡಿಬಂದರು. ಅವರು ಅಗೆಯುತ್ತಿರುವಾಗಲೇ ಮಧ್ಯಾಹ್ನ ಇಡೀ ಇಳಿಜಾರು ಕಳಚಿಕೊಂಡಿತು. ಹೋಟೆಲು, ಅದರ ಕೆಳಗಿದ್ದ ಅಂಗಡಿ, ಕೆರೆದಂಡೆಯ ಸಭಾಭವನ, ನೈನಾದೇವಿಯ ಹಳೆಯ ಗುಡಿ ಎಲ್ಲವನ್ನೂ ಮಣ್ಣು ನುಂಗಿತು. ಸತ್ತವರು 151 ಮಂದಿ. ಹಾಗೆ ಬಂದ ಮಣ್ಣು ಕೆರೆಯ ಮಲ್ಲೀತಾಲ್ ತುದಿಯಲ್ಲಿ ಹರಡಿಕೊಂಡಿತು. ಇವತ್ತು ಹುಡುಗರು ಕ್ರಿಕೆಟ್ ಆಡುವ ಫ್ಲ್ಯಾಟ್ಸ್ ಎಂಬ ಮೈದಾನ ವಿಸ್ತಾರಗೊಂಡಿದ್ದು ಆ ಮಣ್ಣಿನಿಂದ. ಪಕ್ಕದಲ್ಲೇ ಭೋಟಿಯಾ ಬಜಾರ್. ನಾವು ಸ್ವೆಟರಿಗೆ ಚೌಕಾಸಿ ಮಾಡುತ್ತ, ಮೊಮೊ ತಿನ್ನುತ್ತ ಓಡಾಡುವ ಜಾಗವದು.

ಆಮೇಲೆ ಸರ್ಕಾರ ಮಾಡಿದ ಕೆಲಸ ಸಣ್ಣದಲ್ಲ. ಗುಡ್ಡದ ಮಳೆನೀರು ಮಣ್ಣಿಗೆ ಇಂಗಿ ಅದನ್ನು ಸಡಿಲಿಸದಂತೆ ಕಲ್ಲಿನ ಚರಂಡಿಗಳ ಜಾಲವನ್ನೇ ಕಟ್ಟಿ ನೀರನ್ನು ಕೆರೆಗೆ ಇಳಿಸಿದರು. ನನ್ನ ಕೇಳಿದರೆ ನೈನಿತಾಲ್‌ನಲ್ಲಿ ನೋಡಬೇಕಾದ ಐತಿಹಾಸಿಕ ಸ್ಮಾರಕ ಈ ನಾಲೆಗಳೇ. ಅವುಗಳ ಮೇಲೆ ಮನೆ ಎದ್ದಿದೆ, ಒಳಗೆ ಕಸ ತುಂಬಿದೆ, ಮೇಲಿನ ಇಳಿಜಾರಿನಲ್ಲಿ ಕಾಂಕ್ರೀಟು ಏರಿದೆ. 2018ರ ಆಗಸ್ಟಿನಲ್ಲಿ ಕೆಳಗಿನ ಮಾಲ್ ರೋಡಿನ ಒಂದು ಭಾಗ ಕುಸಿದು ಕೆರೆಗೆ ಜಾರಿತು. ಅದೇ ತಿಂಗಳು ಕೊಡಗಿನಲ್ಲಿ ಗುಡ್ಡಗಳು ಮನೆ, ತೋಟಗಳ ಮೇಲೆ ಇಳಿದಿದ್ದರಿಂದ ಕನ್ನಡ ಪತ್ರಿಕೆಗಳಲ್ಲಿ ಈ ಸುದ್ದಿಗೆ ಜಾಗ ಸಿಗಲಿಲ್ಲವಾದರೆ ತಪ್ಪೇನಲ್ಲ. ಇಳಿಜಾರಿನ ಮೇಲೆ ತಾಳಲಾರದಷ್ಟು ಹೇರಿದರೆ ಏನಾಗುತ್ತದೆಂದು ನಮಗೆ ಬೇರೆಯವರು ವಿವರಿಸಬೇಕಿಲ್ಲ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ವಿಷಯವಿದೆ. ಊರನ್ನು ‘ಸರಿಪಡಿಸುವ’ ಮಾತು ಬಂದಾಗಲೆಲ್ಲ ಮೊದಲು ಎಬ್ಬಿಸುವುದು ಫುಟ್‌ಪಾತಿನ ಮೇಲೆ ಬಳೆ, ಟೋಪಿ, ಜೋಳ ಮಾರುವವರನ್ನು. ಸಂಜೆ ಗಂಟು ಕಟ್ಟಿಕೊಂಡು ಹೋಗುವವನ ಬುಟ್ಟಿಯಿಂದ ಯಾವ ಗುಡ್ಡವೂ ಕುಸಿಯುವುದಿಲ್ಲ. ಭಾರ ಇರುವುದು ಮೇಲೆ ಮಹಡಿ ಏರಿಸುವ ಹೋಟೆಲಿನಲ್ಲಿ, ಆ ಹೋಟೆಲಿನ ಬಾಗಿಲವರೆಗೂ ಎರಡು ಟನ್ನಿನ ಗಾಡಿ ಹೋಗಬೇಕೆನ್ನುವ ಅತಿಥಿಯಲ್ಲಿ. ಕೋಣೆ ಕಾಯ್ದಿರಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಪಾರ್ಕಿಂಗ್ ಇದೆಯಾ?’ ಎಂಬುದಾದರೆ, ಗುಡ್ಡ ಕಡಿದು ಪಾರ್ಕಿಂಗ್ ಮಾಡುವವನನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಮಾಲ್ ರೋಡನ್ನು ಇಡೀ ದಿನ ನಡೆಯುವವರಿಗೆ ಬಿಟ್ಟುಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಸೀಸನ್ನಿನಲ್ಲಿ ಸಂಜೆ ಕೆಲವು ಗಂಟೆ ಗಾಡಿ ನಿಲ್ಲಿಸುವ ಪದ್ಧತಿ ಹೇಗೂ ಇದೆ. ಆ ಹೊತ್ತಿನಲ್ಲೇ ಅಂಗಡಿಗಳಿಗೆ ಕಳೆ ಬರುವುದು. ವ್ಯಾಪಾರಿಗಳು ಒಪ್ಪುವುದಿಲ್ಲ, ಗಾಡಿ ತಡೆದರೆ ಗಿರಾಕಿ ಬೇರೆ ಊರಿಗೆ ತಿರುಗುತ್ತಾನೆ, ನಮ್ಮ ವರ್ಷದ ಸಂಪಾದನೆಯೆಲ್ಲ ಎರಡು ತಿಂಗಳಿನದು ಎನ್ನುತ್ತಾರೆ. ಆ ಹೆದರಿಕೆ ಸುಳ್ಳಲ್ಲ. ಹೈಕೋರ್ಟು ಇರುವ ಊರು, ಶಾಲೆಗಳ ಊರು. ಆಸ್ಪತ್ರೆಗೆ ಹೋಗುವವರು, ಕಾಲುನೋವಿನ ಅಜ್ಜಿಯರೂ ಇದ್ದಾರೆ. ಆಂಬುಲೆನ್ಸ್, ಶಾಲಾ ಬಸ್ಸು, ಇ-ರಿಕ್ಷಾ ಓಡಾಡಲಿ. ಊರಿನವರ ಗಾಡಿಯ ಲೆಕ್ಕವೇ ಬೇರೆ. ನಾನು ಹೇಳುತ್ತಿರುವುದು ಎರಡು ರಾತ್ರಿಗೆ ಬರುವ ನಮ್ಮಂಥವರ ಕಾರಿನ ಮಾತು. ಕಾರು ಊರಿನ ಹೊರಗೆ ನಿಂತರೆ ಕೊಳ್ಳುವ ಕೈ ನಿಲ್ಲುವುದಿಲ್ಲ, ಕಿಟಕಿಯ ಗಾಜಿನ ಹಿಂದಿನಿಂದ ಯಾರೂ ಮೇಣದಬತ್ತಿ ಆರಿಸುವುದಿಲ್ಲ.

ದೆಹಲಿಯಿಂದ ಕಾಠಗೋದಾಮಿಗೆ ರೈಲಿದೆ. ಅಲ್ಲಿಂದ ಸುಮಾರು 35 ಕಿಲೋಮೀಟರು, ಬಸ್ಸು, ಶೇರ್ ಟ್ಯಾಕ್ಸಿ ಸಿಗುತ್ತವೆ. ತಲ್ಲೀತಾಲ್‌ನಲ್ಲಿ ಇಳಿದು, ಚೀಲ ದೊಡ್ಡದಿದ್ದರೆ ರಿಕ್ಷಾದಲ್ಲಿ ಹಾಕಿ ಕಳಿಸಿ, ನೀವು ನೀರಿನ ಬದಿಯಲ್ಲಿ ನಡೆಯಿರಿ. ದಾರಿಯಲ್ಲಿ, ಕೆರೆಗೆ ಆತುಕೊಂಡ ಹಾಗೆ, ದುರ್ಗಾ ಸಾಹ ಗ್ರಂಥಾಲಯ ಸಿಗುತ್ತದೆ. ಕಾರಿನಲ್ಲಿ ಹೋಗುವವರು ಅದನ್ನೂ ಒಂದು ಅಂಗಡಿಯೆಂದುಕೊಂಡು ಮುಂದೆ ಹೋಗಿಬಿಡುತ್ತಾರೆ.